ಶೇವಂತಿಯ ದಿಂಬು, ನನ್ನ ಸೊಂಟ

ಹೆಂಡತಿಗೆ ಗರ್ಭಕೋಶದ ಆಪರೇಷನ್ ಆದ ಮೇಲೆ ಅವಳ ಆರೈಕೆಯ ಸಮಸ್ತ ಭಾರವನ್ನು ನಾನೊಬ್ಬನೇ ಹೊರುತ್ತೇನೆ ಎಂದು ಜಮಖಂಡಿಯ ಆಸ್ಪತ್ರೆಯ ವರಾಂಡಾದಲ್ಲಿ ನಿಂತು ಘೋಷಿಸಿದೆ. ಘೋಷಣೆ ಎಂದರೆ ಘೋಷಣೆಯೇ! ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದ ಬನಹಟ್ಟಿಯವರು ನಾವು. ಗುಟ್ಟು ಹೇಳಿದರೂ ಆಚೆ ಓಣಿಗೆ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಆಗತಾನೆ ಹುಟ್ಟಿದ್ದ ಕೂಸೊಂದು ಬೆಚ್ಚಿ ಬಿದ್ದು ಅಳತೊಡಗಿತು. ಅದನ್ನು ನಾನು ಶುಭಶಕುನವೆಂದೇ ಭಾವಿಸಿದೆ.

ನನ್ನ ಎದುರಿಗೆ ನಿಂತಿದ್ದವರು ಶಂಕ್ರೆವ್ವಕ್ಕ. ನನ್ನ ಹೆಂಡತಿ ಶೇವಂತಿಯ ಹಿರಿಯಕ್ಕ, ಬೀಳಗಿಯವರು. ಅವರ ಒಂದು ಕೈಯಲ್ಲಿ ಬಾಣಂತಿಯರಿಗೆ ತಿನ್ನಿಸುವ ಅಂಟಿನ ಉಂಡೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಮಡಚಿದ ಹಳೆಯ ಹಸಿರು ಸೀರೆ. ಬಾಣಂತಿಯ ಹೊಟ್ಟೆ ಕಟ್ಟಲು ಅವರ ಮನೆತನದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಸೀರೆ ಅದು. ಆ ಸೀರೆ ಕಟ್ಟಿದ ಹೊಟ್ಟೆ ಮತ್ತೆ ಉಬ್ಬಿದ್ದೇ ಇಲ್ಲವಂತೆ. ಶಂಕ್ರೆವ್ವಕ್ಕನ ಹೊಟ್ಟೆಯನ್ನು ನೋಡಿದವರಿಗೆ ಈ ಇತಿಹಾಸದ ಮೇಲೆ ಸಣ್ಣ ಅನುಮಾನ ಬರುತ್ತದೆ. ಆದರೆ ಬಾಯಿಬಿಟ್ಟು ಹೇಳುವ ಧೈರ್ಯ ಈ ಸೀಮೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ.

"ರಾಮಲಿಂಗಪ್ಪಾರ, ಆಕಿನ್ನ ಬೀಳಗಿಗೆ ಒಯ್ತೀನಿ," ಎಂದರು ಶಂಕ್ರೆವ್ವಕ್ಕ. "ಬಾಣಂತಿ ಹಂಗ ಮಲಗಸ್ತೀನಿ. ಹೊಟ್ಟಿ ಕಟ್ತೀನಿ. ಕಾಲ ನೆಲಕ್ಕ ಹಚ್ಚಗೊಡಂಗಿಲ್ಲ."

"ಅಕ್ಕಾರ, ಡಾಕ್ಟರು ನಡಿಬೇಕಂತ ಹೇಳ್ಯಾರ. ಹಗೂರ ವ್ಯಾಯಾಮ ಮಾಡಬೇಕಂತ. ಹೊಟ್ಟಿ ಕಟ್ಟೂದು ಬ್ಯಾಡಂದಾರ."

"ಹೊಟ್ಟಿ ಕೊಯ್ದಾರ, ಮತ್ತ ನಡಿ ಅಂತಾರ! ನಿಮ್ಮ ಮಗ್ಗದ ಪಟ್ಟಾ ಹರದ್ರ ಅದನ್ನ ಓಡಸ್ತೀರೇನು?"

ಉಪಮೆ ಚೆನ್ನಾಗಿತ್ತು. ಉತ್ತರ ಇಲ್ಲದಾಗ ಗಂಡಸು ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಎದೆ ಉಬ್ಬಿಸಿದೆ. "ಆಕಿ ನನ್ನ ಹೇಣ್ತಿ. ಆಕಿನ್ನ ನಡಸಾಂವ ನಾನು!" ಎಂದೆ. ಮಲಗಿದ್ದಲ್ಲಿಂದಲೇ ಶೇವಂತಿ, "ಇಷ್ಟ ವರ್ಷ ಯಾರ ಯಾರನ್ನ ನಡಸ್ಯಾರ ನನಗ ಗೊತ್ತೈತಿ. ಆದ್ರ ಅಕ್ಕಾ, ನಾ ಮನೀಗೇ ಹೋಗ್ತೀನಿ," ಎಂದಳು. ಮೊದಲ ವಾಕ್ಯವನ್ನು ಬಿಟ್ಟು ಎರಡನೆಯದನ್ನು ಮಾತ್ರ ನಾನು ವಿಜಯವೆಂದು ಸ್ವೀಕರಿಸಿದೆ.

ಅವಳ ನಿರ್ಧಾರಕ್ಕೆ ಕಾರಣವಿತ್ತು. ಬೀಳಗಿಯ ಬಾಣಂತಿ ಕೋಣೆಯನ್ನು ಅವಳು ಎರಡು ಬಾಣಂತನಗಳಲ್ಲಿ ಕಂಡವಳು. ಕಿಟಕಿ ಮುಚ್ಚಿ, ಕಿವಿಗೆ ಅರಿವೆ ಕಟ್ಟಿ, ಮಂಚದ ಕೆಳಗೆ ಕೆಂಡವಿಟ್ಟು, ಮಂಚದ ಮೇಲೆ ಶೇವಂತಿಯನ್ನಿಟ್ಟು ಕಾಯುತ್ತಾರೆ. ಒಳಗೆ ಹೋದವರು ಯಾವಾಗ ಹೊರಗೆ ಬರಬೇಕು ಎನ್ನುವುದು ಶಂಕ್ರೆವ್ವಕ್ಕನ ಮರ್ಜಿ.

ಆಸ್ಪತ್ರೆಯಿಂದ ಬಿಡುವ ದಿನ ವ್ಯಾಯಾಮ ಹೇಳಿಕೊಡಲು ವಂದನಾ ಮೇಡಂ ಬಂದರು. ಫಿಜಿಯೋಥೆರಪಿಯವರು, ಮೆಲುದನಿ, ಹರೆಯದ ವಯಸ್ಸು. ನಾನು ದಂಡ, ಬೈಠಕ್, ಕನಿಷ್ಠಪಕ್ಷ ಒಂದು ಸೂರ್ಯನಮಸ್ಕಾರವನ್ನಾದರೂ ನಿರೀಕ್ಷಿಸಿದ್ದೆ. ಅವರು ಹೇಳಿದ್ದೇನು? ಮಲಗಿದಲ್ಲೇ ದೀರ್ಘವಾಗಿ ಉಸಿರಾಡಬೇಕು. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಚಿ ಮತ್ತೆ ಚಾಚಬೇಕು. ಏಳುವಾಗ ನೇರ ಎದ್ದು ಕೂಡಬಾರದು; ಮಗ್ಗುಲಿಗೆ ಹೊರಳಿ, ಕಾಲನ್ನು ಮಂಚದ ಕೆಳಗೆ ಬಿಟ್ಟು, ಮೊಣಕೈ ಊರಿ ಏಳಬೇಕು. ಬಾಗಬಾರದು. ತುಂಬಿದ ತಂಬಿಗೆಗಿಂತ ಭಾರವಾದದ್ದನ್ನು ಎತ್ತಬಾರದು. ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ನಡೆಯಬೇಕು; ದಣಿವಾಗುವ ಮೊದಲೇ ಕೂಡಬೇಕು. ಜ್ವರ ಬಂದರೆ, ರಕ್ತ ಹೋದರೆ, ನೋವು ಹೆಚ್ಚಾದರೆ ಎಲ್ಲವನ್ನೂ ಬಿಟ್ಟು ಫೋನು ಮಾಡಬೇಕು.

"ಇಷ್ಟೇನ್ರಿ?" ಎಂದೆ. "ಇದು ವ್ಯಾಯಾಮೋ, ವಿಶ್ರಾಂತಿಯೋ?"

"ಎರಡೂ," ಎಂದರು ಮೇಡಂ. "ಇನ್ನೊಂದು ಮುಖ್ಯ ಐತಿ." ಮೂತ್ರ ತಡೆದುಕೊಂಡಾಗ ಒಳಗೆ ಯಾವ ಸ್ನಾಯು ಬಿಗಿಯಾಗುತ್ತದೋ ಅದನ್ನು ಮೆಲ್ಲಗೆ ಮೇಲಕ್ಕೆ ಎಳೆದು, ತುಸು ಹೊತ್ತು ಹಿಡಿದು, ಸಡಿಲ ಬಿಡಬೇಕು. ಉಸಿರು ಮಾತ್ರ ಕಟ್ಟಬಾರದು. ಕೆಳಹೊಟ್ಟೆಗೆ ಬಲ ಬರುವುದು ಅದರಿಂದಲೇ ಎಂದು ವಿವರಿಸಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದಿದೆ.

ಕೊನೆಗೆ ಅವರು ಶೇವಂತಿಯ ಕೈಗೆ ಒಂದು ಸಣ್ಣ ದಿಂಬು ಕೊಟ್ಟರು. "ಕೆಮ್ಮು, ಸೀನು, ನಗು ಬಂದ್ರ ಇದನ್ನ ಹೊಟ್ಟಿಗೆ ಒತ್ತಿ ಹಿಡಕೊಳ್ರಿ. ಹೊಲಿಗಿ ಜಗ್ಗಂಗಿಲ್ಲ."

ನನ್ನ ಮುಖ ಗಂಭೀರವಾಯಿತು. ಓದುಗರಲ್ಲಿ ನನ್ನನ್ನು ಅರಿಯದವರೂ ಇರಬಹುದು. ಆದ್ದರಿಂದ ವಿನಯವನ್ನು ಬದಿಗಿಟ್ಟು ಹೇಳುತ್ತೇನೆ. ನಮ್ಮೂರಲ್ಲಿ ಯಾರದೇ ಲಗ್ನವಿರಲಿ, ಅಕ್ಕಿಕಾಳಿಗಿಂತ ಮೊದಲು ನನ್ನ ಜೋಕು ಬೀಳಬೇಕು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮಾತು ಕೇಳುತ್ತ ನಿಂತು ಬಸ್ಸು ತಪ್ಪಿಸಿಕೊಂಡವರು ಎಷ್ಟೋ ಮಂದಿ. ಅಂಥವನ ಮನೆಗೆ ಹೊಲಿಗೆ ಹಾಕಿದ ಹೊಟ್ಟೆ ಬರುವುದೆಂದರೆ, ಬೆಂಕಿಪೆಟ್ಟಿಗೆಯ ಮಗ್ಗುಲಿಗೆ ಅರಳೆ ಬಂದಂತೆ!

"ಮೇಡಂ, ನಗಿ ವಿಷಯದಾಗ ಅಪಾಯ ಐತ್ರಿ," ಎಂದೆ. "ನಾ ಮನ್ಯಾಗ ಇರ್ತೀನಿ. ಒಂದ ದಿಂಬ ಸಾಲಂಗಿಲ್ಲ."

ಶೇವಂತಿ ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿ, "ಕೆಮ್ಮಿಗೆ, ಸೀನಿಗೆ ಆತ ಬಿಡ್ರಿ ಮೇಡಂ. ಉಳಿದದ್ದಕ್ಕ ಬೇಕಾಗಂಗಿಲ್ಲ," ಎಂದಳು.

ಹೌದು. ಊರನ್ನೆಲ್ಲ ನಗಿಸಿದ ನಾನು ಇಷ್ಟು ವರ್ಷಗಳ ಸಂಸಾರದಲ್ಲಿ ನಗಿಸಲಾಗದ ಏಕೈಕ ಪ್ರೇಕ್ಷಕಿ ಇವಳು. ನನ್ನ ಜೋಕು ಮುಗಿದ ಮೇಲೆ, "ಆತೇನ್ರಿ? ಹಂಗಾರ ಕೈ ತೊಳ್ಕೊಳ್ರಿ, ರೊಟ್ಟಿ ಆರಾಕತ್ತಾವು," ಎನ್ನುವ ಹೆಣ್ಣು. ಆದರೂ ಆಸೆ ಬಿಡುವವನಲ್ಲ ನಾನು. ಆ ದಿಂಬನ್ನು ಕಾರಿನಲ್ಲಿ ನನ್ನ ತೊಡೆಯ ಮೇಲೇ ಇಟ್ಟುಕೊಂಡು ಬಂದೆ, ಪಟ್ಟಾಭಿಷೇಕಕ್ಕೆ ಕಿರೀಟ ಒಯ್ಯುವವನ ಹಾಗೆ.

ಮನೆಯಲ್ಲಿ ನನ್ನ ಆಡಳಿತ ಆರಂಭವಾಯಿತು. ಪಕ್ಕದ ಮನೆಯ ಯಂಕವ್ವ ತನ್ನ ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿ ಬಂದು ಅಡುಗೆ ಮಾಡಲು ಒಪ್ಪಿಕೊಂಡಳು. ವ್ಯಾಯಾಮದ ಖಾತೆ ಪೂರ್ಣವಾಗಿ ನನ್ನದು. ಪಾದ ಆಡಿಸುವುದು ಕಣ್ಣಿಗೆ ಕಾಣುತ್ತದೆ. ಹಿಮ್ಮಡಿ ಜಾರಿಸುವುದು ಕಾಣುತ್ತದೆ. ಉಸಿರು ಕಾಣದಿದ್ದರೂ ಕೇಳುತ್ತದೆ. ಮೇಲ್ವಿಚಾರಣೆಗೆ ಸಿಗದಿದ್ದದ್ದು ಆ ಒಳಗಿನ ಬಿಗಿಯುವ ವ್ಯಾಯಾಮ ಒಂದೇ. ಮಾಡಿದಳೋ ಇಲ್ಲವೋ ಎಂದು ತಿಳಿಯುವ ಯಾವ ಉಪಾಯವೂ ಇಲ್ಲ! ಇಂಥ ಇಲಾಖೆಯನ್ನು ಯಾವ ಅಧಿಕಾರಿ ತಾನೆ ಸಹಿಸಿಯಾನು?

"ಮಾಡಿದೇನು?" ಎಂದು ಕೇಳುತ್ತಿದ್ದೆ.

"ಮಾಡಿನಿ."

"ಯಾವಾಗ? ನಾ ಇಲ್ಲೇ ಕುಂತೀನಲ್ಲ!"

"ಈಗ. ನೀವು ಮಾತಾಡಾಕತ್ತಾಗ. ನೀವು ಬಾಯಿ ತಗದ್ರ ನಾ ಬಿಗಿ ಹಿಡೀತೀನಿ, ಮುಚ್ಚಿದ್ರ ಬಿಡ್ತೀನಿ. ಮೇಡಂ ಹೇಳಿದ್ದಕ್ಕಿಂತ ಜಾಸ್ತಿನ ಆಕ್ಕೈತಿ."

ಈ ಮಧ್ಯೆ ಮಾತಾಡಿಸಲು ಬರುವವರ ದಂಡು. ನಮ್ಮಲ್ಲಿ ಒಬ್ಬರು ಮಲಗಿದರೆಂದರೆ ಊರೇ ಬಂದು ಮಾತಾಡಿಸಿ ಹೋಗಬೇಕು. ಹೋಗದಿದ್ದರೆ ಮುಂದಿನ ಲಗ್ನದಲ್ಲಿ ಮುಖ ತಿರುಗಿಸುತ್ತಾರೆ. ಬ್ರೆಡ್ಡು, ಬಿಸ್ಕೀಟು, ಮೋಸಂಬಿಗಳ ರಾಶಿಯೇ ಬಿತ್ತು. ಬ್ರೆಡ್ಡಿನ ಜೊತೆಗೆ ಪ್ರತಿಯೊಬ್ಬರೂ ಒಂದೊಂದು ಕಥೆಯನ್ನೂ ತರುತ್ತಿದ್ದರು. "ನಮ್ಮ ನಾದಿನಿಗೂ ಇದ ಆಪರೇಷನ್ ಆಗಿತ್ತವ್ವಾ. ಛಲೋ ಅಡ್ಡಾಡಕೋತ ಇದ್ಲು…" ಎಂದು ಆರಂಭಿಸಿ, ಮುಂದಿನದನ್ನು ಹೇಳದೆ ಸೆರಗಿನಿಂದ ಕಣ್ಣೊರಸಿಕೊಂಡು, ಚಹ ಕುಡಿದು ಹೋಗುತ್ತಿದ್ದರು. ಶೇವಂತಿ ಅಲುಗಾಡದೆ ಕೇಳುತ್ತಿದ್ದಳು. ಅವರು ಹೋದ ಬೆನ್ನಿಗೆ ನಾನೇ ಎದ್ದು ದೀರ್ಘವಾಗಿ ಉಸಿರಾಡುವ ವ್ಯಾಯಾಮ ಮಾಡುತ್ತಿದ್ದೆ.

ಮೊದಲ ಎಡವಟ್ಟು ಆದದ್ದು ನಡಿಗೆಯಲ್ಲಿ. ಶೇವಂತಿ ಅಂಗಳದಲ್ಲಿ ಸಲೀಸಾಗಿ ನಡೆಯತೊಡಗಿದ ಮೇಲೆ, ಇನ್ನು ಓಣಿಯಲ್ಲಿ ಒಂದು ಸುತ್ತು ಹಾಕಿಸಿ ನನ್ನ ಸಾಧನೆಯನ್ನು ಜನ ಕಾಣಲಿ ಎಂದು ಹೊರಡಿಸಿದೆ. ಆದರೆ ನಮ್ಮ ಓಣಿಯಲ್ಲಿ ಕೆಲಸವಿಲ್ಲದೆ ಯಾರೂ ನಡೆಯುವುದಿಲ್ಲ. ನಡೆದವರನ್ನು ಕೇಳದೆ ಯಾರೂ ಬಿಡುವುದಿಲ್ಲ.

ಮೊದಲು ಎದುರಾದವಳೇ ಯಂಕವ್ವ. "ಎಲ್ಲಿಗೆ ಹೊಂಟೀ ಶೇವಂತಿ?"

"ಎಲ್ಲಿಗಿಲ್ಲ ಯಂಕವ್ವಾ. ಸುಮ್ನ ಅಡ್ಡಾಡಾಕ."

"ಸುಮ್ನ? ಹಸೀ ಮೈಯಾಗ? ಸುಮ್ನ ಯಾರರ ಅಡ್ಡಾಡ್ತಾರೇನ? ಖರೇ ಹೇಳು, ಏನ ಆತು ಮನ್ಯಾಗ?"

ಯಂಕವ್ವ ನನ್ನ ಮುಖ ನೋಡಿದಳು. ನಾನು ನಕ್ಕೆ. ಅದು ತಪ್ಪಾಯಿತು. ಮುಂದಿನ ಮನೆಯವರು ಒಳಗೆ ಕರೆದು ಕೂಡಿಸಿ ಚಹ ಕೊಟ್ಟರು. ಅದರಾಚೆಯವರು, "ಅವರ ಮನಿಗೆ ಹೋಗ್ತೀ, ನಮ್ಮ ಮನಿ ದಾಟಿ ಹೋಗ್ತೀಯೇನ?" ಎಂದು ಬಾಗಿಲಿಗೆ ಅಡ್ಡ ನಿಂತರು. ಗಳಿಗೆಯ ಮಟ್ಟಿಗೆ ಹೊರಟ ನಡಿಗೆ ಊಟದ ಹೊತ್ತಿನವರೆಗೆ ನಡೆಯಿತು. ಅದರಲ್ಲಿ ನಡೆದದ್ದು ಸ್ವಲ್ಪ, ಕುಳಿತದ್ದೇ ಬಹಳ. ಶೇವಂತಿಯ ಸೆರಗಿನಲ್ಲಿ ಮನೆಮನೆಯ ಉಡಿಯಕ್ಕಿ, ಎಲೆ, ಅಡಿಕೆ, ಬಾಳೆಹಣ್ಣು ತುಂಬಿ, ತುಂಬಿದ ತಂಬಿಗೆಯ ತೂಕವನ್ನು ಎಂದೋ ದಾಟಿತ್ತು. ಉಡಿ ತುಂಬುವವರಿಗೆ ತೂಕದ ಮಿತಿ ಹೇಳಲಾಗುತ್ತದೆಯೇ? ಎಲ್ಲವನ್ನೂ ನನ್ನ ಪಂಚೆಯ ಮಡಿಲಿಗೆ ಸುರಿದುಕೊಂಡೆ. ಹೆಂಡತಿ ಮುಂದೆ, ಉಡಿ ತುಂಬಿಸಿಕೊಂಡ ಗಂಡ ಹಿಂದೆ! ಮೆರವಣಿಗೆಗೆ ಹಲಗೆಯ ಬಡಿತ ಒಂದೇ ಕಡಿಮೆ.

ಸಂಜೆಯ ಹೊತ್ತಿಗೆ ಸುದ್ದಿ ರಬಕವಿ ದಾಟಿತು. ರಾಮಲಿಂಗಪ್ಪ ಹೊಲಿಗೆ ಒಣಗುವ ಮೊದಲೇ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದ್ದಾನೆ. ಪಾಪ, ಅವಳು ಮನೆಮನೆಗೆ ಹೋಗಿ ಅಕ್ಕಿ ಬೇಡುತ್ತಿದ್ದಾಳೆ! ದೀಪ ಹಚ್ಚುವ ಹೊತ್ತಿಗೆ ಬೀಳಗಿಯಿಂದ ಫೋನು ಬಂತು.

"ರಾಮಲಿಂಗಪ್ಪಾರ!" ಶಂಕ್ರೆವ್ವಕ್ಕನ ದನಿಗೆ ಫೋನಿನ ಅಗತ್ಯವೇ ಇರಲಿಲ್ಲ. "ಬರೂ ಸೋಮವಾರ ನಾ ಬರಾಕತ್ತೇನಿ. ಗಾಡಿ ತಗೊಂಡ ಬರ್ತೀನಿ. ನಾ ಬಾಗಲದಾಗ ಕಾಲಿಟ್ಟಾಗ ಆಕಿ ತಾನ ಎದ್ದ ಬಂದ ನನಗ ನೀರ ಕೊಟ್ಲಂದ್ರ ಸುಮ್ನ ಉಂಡ ತಿರಗಿ ಹೋಗ್ತೀನಿ. ಹಾಸಿಗ್ಯಾಗ ಬಿದ್ದಿದ್ಲಂದ್ರ, ನೀವು ಅಡ್ಡ ಮಲಗಿದ್ರೂ ದಾಟಿ ಒಯ್ತೀನಿ. ಶಂಕ್ರೆವ್ವನ ಮಾತು ಒಂದ!"

ಮನೆಗೆ ಬಂದವರಿಗೆ ಮೊದಲು ತಂಬಿಗೆಯಲ್ಲಿ ನೀರು ಕೊಡುವುದು ನಮ್ಮ ಕಡೆಯ ರೀತಿ. ನೀರು ಕೊಟ್ಟ ಮೇಲೇ ಮಾತು. ಅಂಥ ಒಂದು ತಂಬಿಗೆ ನೀರಿನ ಮೇಲೆ ನನ್ನ ಇಡೀ ಸಾಮ್ರಾಜ್ಯ ತೂಗುತ್ತಿತ್ತು! ಶೇವಂತಿ ಬೀಳಗಿಗೆ ಹೋದರೆ ಅವಳಿಗೆ ಕೆಂಡದ ಮಂಚ. ಕೆಳಹೊಟ್ಟೆಗೆ ಬರುತ್ತಿದ್ದ ಬಲವೂ ಮಲಗಿ ಮಲಗಿ ಹೋಗುತ್ತದೆ. ನನಗೆ ಬರಿದಾದ ಮನೆ. ಶೇವಂತಿ ಮೊದಲ ಸಲ ಸ್ವಲ್ಪ ಅಂಜಿದ್ದನ್ನು ಕಂಡೆ. "ಏನರ ಮಾಡ್ರಿ. ನಾ ಅಲ್ಲಿಗೆ ಹೋಗಂಗಿಲ್ಲ," ಎಂದಳು. ಹೆಂಡತಿ ನನ್ನ ಬುದ್ಧಿಯನ್ನು ನಂಬಿ ಕೇಳಿದ್ದು ಅದೇ ಮೊದಲು. ನಾನು ಎಚ್ಚರವಾಗಿರಬೇಕಾಗಿತ್ತು.

ನನ್ನ ತಲೆಯಲ್ಲಿ ಮಿಂಚಿತು: ಮಗ್ಗದ ಶೆಡ್ಡು! ಮನೆಯ ಹಿಂದೆಯೇ ಇದೆ. ಎರಡು ಸಾಲು ಪವರ್‌ಲೂಮು, ನಡುವೆ ಸಮತಟ್ಟಾದ ಹಾದಿ, ನೆರಳು. ಯಾರೂ ಎಲ್ಲಿಗೆ ಹೊಂಟಿ ಎಂದು ಕೇಳುವುದಿಲ್ಲ. ಕೇಳಿದರೂ ಖಟಾಖಟ್ ಸದ್ದಿನಲ್ಲಿ ಕೇಳಿಸುವುದಿಲ್ಲ. ಇಂಥ ರಾಜಮಾರ್ಗವನ್ನು ಬಿಟ್ಟು ಓಣಿ ಸುತ್ತಿದೆನಲ್ಲ! ದಣಿದರೆ ಕೂಡಲೆಂದು ಹಾದಿಯ ಎರಡೂ ತುದಿಗೆ ಕುರ್ಚಿ ಹಾಕಿಸಿದೆ. ಒಂದು ಕುರ್ಚಿಯ ಮೇಲೆ ದಿಂಬು ಇಟ್ಟೆ. ದಾರಿಯಲ್ಲಿ ಒಂದೆರಡು ಜೋಕು ಹೇಳುವ ಯೋಚನೆಯೂ ನನಗಿತ್ತು.

ಮಗ್ಗದವರ ಮನೆಯ ಹೆಣ್ಣನ್ನು ಮಗ್ಗಗಳ ನಡುವೆ ಸುಮ್ಮನೆ ನಡೆಸಬಹುದು ಎಂದುಕೊಂಡದ್ದೇ ನನ್ನ ಮೂರ್ಖತನ. ಎರಡು ಹೆಜ್ಜೆ ಇಟ್ಟಿಲ್ಲ, ಶೇವಂತಿ ನಿಂತಳು. ಸದ್ದಿನಲ್ಲಿ ಮಾತು ಕೇಳದೆಂದು ಕೈಸನ್ನೆ ಮಾಡಿದಳು: ಕಿರುಬೆರಳನ್ನು ಕೊಕ್ಕೆ ಮಾಡಿ ಎಳೆದು ಬಿಟ್ಟಳು. ನಮ್ಮ ಮನೆಯಲ್ಲಿ ಅದರ ಅರ್ಥ, ಎಳೆ ಹರಿದಿದೆ ಎಂದು. ನಾನು ನೋಡಿದೆ. ನನಗೇನೂ ಕಾಣಲಿಲ್ಲ. ಸಾವಿರಾರು ಎಳೆಗಳ ನಡುವೆ ಹರಿದ ಒಂದು ಎಳೆ ಅವಳ ಕಣ್ಣಿಗೆ ಕುಕ್ಕುತ್ತದೆ. ಹಾಗೇ ಬಿಟ್ಟರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅವಳ ಕೈ ತಾನಾಗಿ ಮುಂದೆ ಹೋಯಿತು, ಸೊಂಟ ಬಾಗಿತು…

"ಬಾಗಬ್ಯಾಡಾ!" ಎಂದು ಕಿರುಚಿದೆ. ಮಗ್ಗ ನಡೆಸುವ ಮುತ್ತಪ್ಪ ಹೆದರಿ ಆ ಮಗ್ಗವನ್ನು ನಿಲ್ಲಿಸಿದ.

"ಹಂಗಾರ ನೀವು ಬಾಗ್ರಿ," ಎಂದಳು ಶೇವಂತಿ, ನನ್ನ ಕಿವಿಯ ಹತ್ತಿರ ಬಂದು.

ನಾನು ಬಾಗಿ ಎಷ್ಟು ಕಾಲವಾಗಿತ್ತೋ! ನಾನು ಗಾದಿಯ ಮೇಲೆ ಕುಳಿತು ಸೀರೆ ಮಾರುವವನು. ಎಳೆಗಳನ್ನು ನೋಡಿಕೊಳ್ಳುವವರು ಶೇವಂತಿ ಮತ್ತು ಮುತ್ತಪ್ಪ. ಲಾಭವನ್ನು ನೋಡಿಕೊಳ್ಳುವವನು ನಾನು. ಆದರೂ ಬಾಗಿದೆ. ಹೊಟ್ಟೆ ಮೊದಲು ಮಗ್ಗಕ್ಕೆ ತಾಗಿತು, ಕೈ ಆಮೇಲೆ. ಹೇಗೋ ಹುಡುಕಿ ಗಂಟು ಹಾಕಿದೆ.

"ಎಮ್ಮಿ ಕಟ್ಟಿದಂಗ ಕಟ್ಟೀರಲ್ರಿ! ಸಣ್ಣ ಗಂಟ ಹಾಕ್ರಿ. ಮತ್ತ ಬಾಗೂಮುಂದ ಉಸಿರ ಕಟ್ಟಬ್ಯಾಡ್ರಿ, ಹೊರಗ ಬಿಡ್ರಿ. ವಂದನಾ ಮೇಡಂ ಹೇಳ್ಯಾರ."

"ಅದು ಹೆಂಗಸರ ವ್ಯಾಯಾಮ. ನಾ ಗಂಡಸ ಅದೀನಿ," ಎಂದೆ, ಉಸಿರು ಕಟ್ಟಿಕೊಂಡೇ.

ಅವಳು ಮೆಲ್ಲಗೆ ಮುಂದೆ ನಡೆದಳು. ಮತ್ತೆ ಕಿರುಬೆರಳು. ಬಾಗಿದೆ. ಮತ್ತೆ ಕಿರುಬೆರಳು. ಬಾಗಿದೆ. ನಡುನಡುವೆ ನೂಲು ಮುಗಿದ ಲಾಳಿ ತೋರಿಸುತ್ತಿದ್ದಳು, ಕೆಳಗೆ ಬಿದ್ದ ನೂಲಿನ ಕಂಡಿಕೆ ತೋರಿಸುತ್ತಿದ್ದಳು, ಮಗ್ಗದಡಿಯ ಧೂಳು ತೋರಿಸುತ್ತಿದ್ದಳು. ಮುತ್ತಪ್ಪ ಇದನ್ನೆಲ್ಲ ಬಹಳ ಭಕ್ತಿಯಿಂದ ನೋಡಿ, "ಸಾವಕಾರ್ರ, ನೀವ ಅದೀರಲ್ರಿ. ನಾ ಚಾ ಕುಡದ ಬರ್ತೀನ್ರಿ," ಎಂದು ಹೊರಟುಹೋದ. ಅವನ ಚಹ ಅಂದಿನಿಂದ ದಿನಕ್ಕೆ ನಾಲ್ಕಾರು ಸಲ ಆಯಿತು, ಶೇವಂತಿಯ ನಡಿಗೆಗೆ ಸರಿಯಾಗಿ.

ದಿನಗಳು ಕಳೆದವು. ಶೇವಂತಿಯ ಮುಖಕ್ಕೆ ಬಣ್ಣ ಬಂತು. ಹೆಜ್ಜೆಗೆ ನೆಲೆ ಬಂತು. ದಣಿಯುವ ಮೊದಲೇ ಕುರ್ಚಿಯಲ್ಲಿ ಕೂಡುತ್ತಿದ್ದಳು, ಕೂತಲ್ಲಿಂದಲೇ ಕಿರುಬೆರಳು ಎಳೆಯುತ್ತಿದ್ದಳು. ನೇಯ್ದ ಸೀರೆಗಳು ಒಂದೂ ಗೆರೆಯಿಲ್ಲದೆ ಹೊರಬರತೊಡಗಿದವು. ಇತ್ತ ನನ್ನ ಸೊಂಟದೊಳಗೆ ಯಾರೋ ಕುಳಿತು ಮೊಳೆ ಹೊಡೆಯುತ್ತಿದ್ದರು. ಹೇಳಲು ಮನಸ್ಸಿಲ್ಲ. ಆರೈಕೆ ಮಾಡುವವನೇ ನರಳಿದರೆ ಲೋಕಕ್ಕೆ ಗತಿಯೇನು? ಮಲಗುವಾಗ ಗೋಡೆಯ ಕಡೆ ಮುಖ ಮಾಡಿ ಹಲ್ಲು ಕಚ್ಚುತ್ತಿದ್ದೆ. ಜೋಕುಗಳನ್ನಂತೂ ಬಿಡಲಿಲ್ಲ. ಮಗ್ಗದ ಸಂದಿಯಿಂದ ತಲೆ ಎತ್ತಿ ಒಂದೊಂದು ಹೇಳುತ್ತಿದ್ದೆ. ಅವಳು, "ಏನಂದ್ರಿ?" ಎನ್ನುತ್ತಿದ್ದಳು. ಕೂಗಿ ಹೇಳುತ್ತಿದ್ದೆ. "ಹೌದೇನು?" ಎನ್ನುತ್ತಿದ್ದಳು. ದಿಂಬು ಕುರ್ಚಿಯ ಮೇಲೆ ಮದುವೆಯಾಗದ ಹಿರಿಮಗಳಂತೆ ಕಾಯುತ್ತ ಕುಳಿತಿತ್ತು.

ರವಿವಾರ ಬಂತು. ಮರುದಿನವೇ ಶಂಕ್ರೆವ್ವಕ್ಕ. ಕೊನೆಯ ತಾಲೀಮಿಗೆಂದು ಶೇವಂತಿಯನ್ನು ಶೆಡ್ಡಿಗೆ ಕರೆತಂದೆ. ನೋಡಿದರೆ ನನ್ನ ರಾಜಮಾರ್ಗಕ್ಕೆ ಅಡ್ಡಲಾಗಿ ನೂಲು ಸುತ್ತಿದ ಬೀಮು ಬಿದ್ದುಕೊಂಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಸೀರೆಯಲ್ಲ, ಹತ್ತಾರು ಸೀರೆಗಳ ಹಾಸಿನ ನೂಲನ್ನೆಲ್ಲ ಒಟ್ಟಿಗೆ ಸುತ್ತಿಟ್ಟ ದಪ್ಪ ಉರುಳೆ ಅದು. ಇಬ್ಬರು ಹಿಡಿದು ಎತ್ತುವಂಥದ್ದು. ಮುತ್ತಪ್ಪ ಅದನ್ನು ಅರ್ಧಕ್ಕೆ ಉರುಳಿಸಿ ಬಿಟ್ಟು ಎಂದಿನಂತೆ ಚಹಕ್ಕೆ ಹೋಗಿದ್ದ.

"ಇರಲಿ ಬಿಡ್ರಿ, ಮುತ್ತಪ್ಪ ಬರ್ತಾನ. ಇಬ್ಬರೂ ಕೂಡಿ ಎತ್ರಿ," ಎಂದಳು ಶೇವಂತಿ.

"ಯಾಕ? ನನ್ನ ತೋಳಿಗೆ ಏನಾಗೇತಿ?"

"ತೋಳಿಗೆ ಏನೂ ಆಗಿಲ್ರಿ. ಸೊಂಟದ್ದ ಹೇಳಾಕತ್ತೇನಿ. ದಿನಾ ನರಳೂದು ನನಗ ಕೇಳಸಂಗಿಲ್ಲೇನು? ಎತ್ತೂದ ಆದ್ರ ಮಂಡಿ ಮಡಚಿ ಕುಂತ ಎತ್ರಿ. ಉಸಿರ ಬಿಡ್ರಿ."

ಸ್ವಯಂವರದಲ್ಲಿ ಶಿವಧನುಸ್ಸಿನ ಮುಂದೆ ನಿಂತ ರಾಜರಿಗೆ ಯಾರಾದರೂ ಮಂಡಿ ಮಡಚು ಎಂದಿದ್ದರೇ? ನಾನು ಪಂಚೆಯನ್ನು ಮೇಲಕ್ಕೆ ಕಟ್ಟಿದೆ. ಅಂಗೈಗೆ ಉಗುಳಿದೆ. ಮಂಡಿಯನ್ನು ನೆಟ್ಟಗೆ ಇಟ್ಟು, ಉಸಿರನ್ನು ಗಟ್ಟಿಯಾಗಿ ಕಟ್ಟಿ, ಸೊಂಟವನ್ನು ಬಾಗಿಸಿ ಬೀಮು ಹಿಡಿದು ಎತ್ತಿದೆ. ಬೀಮು ಏಳಲಿಲ್ಲ. ಬದಲಿಗೆ ನನ್ನ ಬೆನ್ನಿನ ತಳದಲ್ಲಿ 'ಖಟಕ್' ಎಂದಿತು. ಮಗ್ಗದ ಸದ್ದೆಂದು ಭಾವಿಸಿ ಸುತ್ತ ನೋಡಲು ಹೋದೆ. ಕತ್ತು ತಿರುಗಿತು, ಉಳಿದ ನಾನು ತಿರುಗಲಿಲ್ಲ!

ಬಾಗಿದವನು ಬಾಗಿದ ಹಾಗೆಯೇ ನಿಂತೆ. ಮುಂದೆ ಹೋಗಲಾರೆ, ಹಿಂದೆ ಬರಲಾರೆ, ಕೂಡಲಾರೆ, ನಿಲ್ಲಲಾರೆ. ಒಳಗೆ ಬಂದ ಮುತ್ತಪ್ಪ ನನ್ನ ಭಂಗಿಯನ್ನು ನೋಡಿ, ಇನ್ನೂ ಎಳೆ ಹುಡುಕುತ್ತಿದ್ದಾರೆಂದು ತಿಳಿದು ಮತ್ತೆ ಚಹಕ್ಕೆ ತಿರುಗಿದ. "ಲೇ ಮುತ್ತಪ್ಪಾ! ಸತ್ನೋ!" ಎಂದೆ. ಅವನು ಓಡಾಡಿ ಒಂದೊಂದೇ ಮಗ್ಗ ನಿಲ್ಲಿಸಿದ. ಹಗಲು ಹೊತ್ತಿನಲ್ಲಿ ಆ ಶೆಡ್ಡು ಹಾಗೆ ಮೌನವಾದದ್ದನ್ನು ನಾನು ಕಂಡಿರಲಿಲ್ಲ.

ಆ ಮೌನದಲ್ಲಿ ಒಂದು ಸದ್ದು ಕೇಳಿತು. ಮೊದಲು ಕುಕ್ಕರಿನ ಉಸಿರಿನಂತೆ. ಆಮೇಲೆ ಕೊಡದಿಂದ ನೀರು ಉಕ್ಕಿದಂತೆ. ನಾನು ಬಾಗಿದಲ್ಲಿಂದಲೇ ಕತ್ತು ತಿರುಗಿಸಿ ನೋಡಿದೆ. ಶೇವಂತಿ ಮಗ್ಗದ ಕಂಬ ಹಿಡಿದುಕೊಂಡಿದ್ದಾಳೆ, ಮುಖ ಕೆಂಪಾಗಿದೆ, ಕಣ್ಣಿನಲ್ಲಿ ನೀರು.

"ದಿಂಬ!" ಎಂದಳು. "ಯಾರರ ದಿಂಬ ತರ್ರೀ! ದಿಂಬ!"

ಮುತ್ತಪ್ಪ ಓಡಿ ದಿಂಬು ತಂದು, ನೋವು ಯಾರದೆಂದು ಯೋಚಿಸಿ, ಬಹಳ ಮರ್ಯಾದೆಯಿಂದ ನನ್ನ ಬಾಗಿದ ಬೆನ್ನಿನ ಮೇಲೆ ಇಟ್ಟ! ಅದು ಅಲ್ಲೇ ನಿಂತಿತು. ಬೆನ್ನು ಅಷ್ಟು ಸಮತಟ್ಟಾಗಿತ್ತು. ಶೇವಂತಿ ಹತ್ತಿರ ಬಂದು ಮೇಜಿನಿಂದ ಎತ್ತಿಕೊಂಡ ಹಾಗೆ ಅದನ್ನು ಎತ್ತಿಕೊಂಡು ಹೊಟ್ಟೆಗೆ ಒತ್ತಿ, ಕುರ್ಚಿಯಲ್ಲಿ ಕುಳಿತು, ಇಷ್ಟು ವರ್ಷಗಳ ಬಾಕಿಯನ್ನೆಲ್ಲ ಒಮ್ಮೆಗೇ ನಕ್ಕಳು.

ನಕ್ಕು ಮುಗಿದ ಮೇಲೆ ಗಾಬರಿಯಾಗಿ, "ಹೊಲಿಗಿ ಜಗ್ಗಿತೇನು?" ಎಂದೆ. ಅವಳು ದಿಂಬು ಸರಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಆಶ್ಚರ್ಯದಿಂದ, "ಇಲ್ರಿ! ಏನೂ ಜಗ್ಗಲಿಲ್ಲ. ನಾ ಆರಾಮ ಆಗೇನಿ!" ಎಂದಳು.

ನನ್ನನ್ನು ಹಾಸಿಗೆಗೆ ತಂದದ್ದು ಮುತ್ತಪ್ಪ. ಸಂಜೆ ನನ್ನ ಸಲುವಾಗಿ ವಂದನಾ ಮೇಡಂಗೆ ಫೋನು ಹೋಯಿತು. "ಭಾರ ಎತ್ತಬ್ಯಾಡ್ರಿ. ಬಾಗಬ್ಯಾಡ್ರಿ. ಮಗ್ಗಲಿಗೆ ಹೊಳ್ಳಿ ಏಳ್ರಿ. ಪಾದ ಆಡಸ್ರಿ. ಎರಡ ದಿನ ಬಿಟ್ಟ ಸ್ವಲ್ಪ ಸ್ವಲ್ಪ ನಡೀರಿ. ನಿಮ್ಮ ಮನಿಯವರಿಗೆ ಎಲ್ಲಾ ಗೊತ್ತೈತಿ, ಅವರನ್ನ ಕೇಳ್ರಿ," ಎಂದರು. ಅದು ಹೆಂಗಸರ ವ್ಯಾಯಾಮ ಎಂದಿದ್ದ ನಾನು ದಿಂಬಿಗೆ ಮುಖ ಹುದುಗಿಸಿದೆ.

ಸೋಮವಾರ ಬಾಗಿಲಲ್ಲಿ ಗಾಡಿ ನಿಂತಿತು. ಹಾಸಿಗೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸುತ್ತಿತ್ತು. ಶೇವಂತಿ ತಾನೇ ಎದ್ದು, ತುಂಬಿದ ತಂಬಿಗೆಯನ್ನು ಹಿಡಿದು, ನೆಟ್ಟಗೆ ನಡೆದು ಹೋಗಿ ಅಕ್ಕನ ಕೈಗೆ ನೀರು ಕೊಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲವೆಂದು ಯಂಕವ್ವ ಆಮೇಲೆ ಊರಿಗೆಲ್ಲ ಸಾಕ್ಷಿ ಹೇಳಿದಳು. ಶಂಕ್ರೆವ್ವಕ್ಕ ತಂಗಿಯನ್ನು ಮೇಲಿಂದ ಕೆಳಗೆ ನೋಡಿರಬೇಕು.

ಗೆದ್ದೆ! ಮಲಗಿದಲ್ಲೇ ಗೆದ್ದೆ! ಸಾಮ್ರಾಜ್ಯ ಉಳಿಯಿತು!

"ಛಲೋ ಆಗೀ ಬಿಡವಾ," ಎಂದರು ಕೊನೆಗೆ ಶಂಕ್ರೆವ್ವಕ್ಕ. "ಮತ್ತ ಅವರೆಲ್ಲಿ?"

"ಹಾಸಿಗ್ಯಾಗ ಅದಾರ ಅಕ್ಕಾ."

"ಹಾಸಿಗ್ಯಾಗ?" ಶಂಕ್ರೆವ್ವಕ್ಕ ಒಳಗೆ ಬಂದರು. ಅವರ ಒಂದು ಕೈಯಲ್ಲಿ ಅಂಟಿನ ಉಂಡೆಯ ಡಬ್ಬಿ. ಇನ್ನೊಂದರಲ್ಲಿ ಹಸಿರು ಸೀರೆ. ನಾನು ಏಳಲು ನೋಡಿದೆ, ಸೊಂಟ ಒಪ್ಪಲಿಲ್ಲ. "ಹಾಸಿಗ್ಯಾಗ ಬಿದ್ದವರನ್ನ ಒಯ್ತೀನಂತ ಹೇಳಿದ್ದೆ, ಹೌದಲ್ರಿ ರಾಮಲಿಂಗಪ್ಪಾರ? ಗಾಡಿ ಖಾಲಿ ಹೋಗಬಾರದು. ಶಂಕ್ರೆವ್ವನ ಮಾತು ಒಂದ!"

"ಶೇವಂತಿ!" ಎಂದು ಕೂಗಿದೆ. "ಏನರ ಹೇಳ!"

"ಅಕ್ಕಾ, ಗಾಡಿ ಸಾವಕಾಶ ಹೊಡಸು," ಎಂದಳು ಶೇವಂತಿ. "ಇಲ್ಲಿದ್ರ ಅವರನ್ನ ಎಬ್ಬಸಾಕ ಕೂಡಸಾಕ ನಾನ ಬಾಗಬೇಕಾಕ್ಕೈತಿ. ನಂದು ಇನ್ನೂ ಹಸೀ ಹೊಲಿಗಿ."

ಇದನ್ನು ಬೀಳಗಿಯಲ್ಲಿ, ಮುಚ್ಚಿದ ಕಿಟಕಿಯ ಕೆಳಗೆ, ಕಿವಿಗೆ ಅರಿವೆ ಕಟ್ಟಿಸಿಕೊಂಡು ಬರೆಯುತ್ತಿದ್ದೇನೆ. ಮಾತಾಡಿಸಲು ಬರುವವರು ಬರುತ್ತಿದ್ದಾರೆ. ಇಂಥದೇ ಸೊಂಟವಿದ್ದ ಅವರವರ ಸೋದರಮಾವಂದಿರ ಕಥೆಯನ್ನು ಅರ್ಧ ಹೇಳಿ ಕಣ್ಣೊರಸಿಕೊಂಡು ಹೋಗುತ್ತಿದ್ದಾರೆ. ಸ್ವಲ್ಪ ನಡೆಯುತ್ತೇನೆ ಎಂದರೆ ಶಂಕ್ರೆವ್ವಕ್ಕ ಉಂಡೆ ತುರುಕಿ ಬಾಯಿ ಮುಚ್ಚುತ್ತಾರೆ. ನಿನ್ನೆ ಶೇವಂತಿಯ ಫೋನು ಬಂತು. ಜಮಖಂಡಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬಂದಳಂತೆ. ಎಲ್ಲವೂ ಚೆನ್ನಾಗಿ ಕೂಡಿಕೊಂಡಿದೆ ಎಂದರಂತೆ. ಸಂತೋಷವಾಯಿತು. ಆ ಸಂತೋಷದಲ್ಲಿ, ಜೀವಮಾನದಲ್ಲೇ ಅತ್ಯುತ್ತಮವಾದ, ಇದಕ್ಕಾಗಿಯೇ ಹೊಸೆದು ಇಟ್ಟಿದ್ದ ಒಂದು ಜೋಕು ಹೇಳಿದೆ.

"ಆತೇನ್ರಿ?" ಎಂದಳು. "ಅದಿರಲಿ. ಅಕ್ಕ ನಿಮಗ ಹಸರ ಸೀರಿ ಕಟ್ಟ್ಯಾಳಂತಲ್ಲ. ಹೆಂಗ ಕಟ್ಟ್ಯಾಳ?"

"ಹೆಂಗೇನು? ಎದಿಯಿಂದ ಸೊಂಟದ ಮಟ ಸುತ್ತ್ಯಾರ. ಉಳಿದ ಸೆರಗನ್ನ ಎಲ್ಲಿ ಇಡೂದಂತ ತಿಳೀದ ತಲಿ ಮ್ಯಾಲ ಹೊಚ್ಚ್ಯಾರ," ಎಂದೆ, ಇದ್ದದ್ದನ್ನು ಇದ್ದ ಹಾಗೆ.

ಫೋನು ಕೆಳಗೆ ಬಿದ್ದ ಸದ್ದಾಯಿತು. ದೂರದಿಂದ, ಮಗ್ಗದ ಸದ್ದನ್ನೂ ಮೀರಿ, ಶೇವಂತಿಯ ದನಿ ಕೇಳಿಸಿತು:

"ಮುತ್ತಪ್ಪಾ! ದಿಂಬ ತಾರೋ, ದಿಂಬ!"